ಚಾಂಪಾನೇರ್ ನೋಡಲು ಗೈಡ್ ಬೇಕೇ?

ಪ್ರಶ್ನೆ: ನಾವಿರುವುದು ಸೂರತ್‌ನ ಉಧ್ನಾದಲ್ಲಿ. ಊರಿಂದ ಬರುವ ಅಪ್ಪ–ಅಮ್ಮನಿಗೆ ಚಾಂಪಾನೇರ್–ಪಾವಾಗಢ ತೋರಿಸಲು ಖಾಸಗಿ ಕಾರು, ಗೈಡ್ ದುಂದುವೆಚ್ಚವೇ?

ಉತ್ತರ: ಖಂಡಿತ ಅಲ್ಲ. ಆದರೆ ಉಧ್ನಾದಿಂದಲೇ ಕಾರು ಬೇಡ; ವಡೋದರಾವರೆಗೆ ರೈಲಿನಲ್ಲಿ ಹೋಗಿ, ಉಳಿದ ಸುಮಾರು 50 ಕಿ.ಮೀ.ಗೆ ಮಾತ್ರ ಕಾರು ಗೊತ್ತುಮಾಡಿ. 2004ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಈ ತಾಣದ ಕೋಟೆ, ಮಸೀದಿ, ಬಾವಿಗಳು ದೂರದೂರ ಚದುರಿವೆ. ಹಿರಿಯರಿಗೆ ನಡೆದು ಮುಗಿಯುವುದಲ್ಲ. ಫೋನಿನಲ್ಲೇ ಮಾಹಿತಿ ಸಿಗುತ್ತದಲ್ಲ ಎನ್ನಬಹುದು. ಇಸವಿ, ಹೆಸರು ಸಿಗುತ್ತವೆ, ನಿಜ. ಆದರೆ 1484ರಲ್ಲಿ ಗುಜರಾತಿನ ಸುಲ್ತಾನ ಮಹಮೂದ್ ಬೇಗಡಾ ಪಾವಾಗಢ ಗೆದ್ದ ಮೇಲೆ ಎದ್ದ ಜಾಮಿ ಮಸೀದಿಯ ಜಾಲಂಧ್ರ, ಕಂಬಗಳಲ್ಲಿ ಗುಡಿ ಕಟ್ಟುವ ಶಿಲ್ಪಿಗಳ ಕೈಚಳಕ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಬಲ್ಲವರೇ ಬೇಕು. ಇನ್ನು ಪಾವಾಗಢ ಬೆಟ್ಟದಲ್ಲಿ ರೋಪ್‌ವೇ ಇಳಿದ ಮೇಲೂ ತುದಿಯ ಕಾಳಿಕಾ ಮಾತಾ ಗುಡಿಗೆ ಮೆಟ್ಟಿಲು ಹತ್ತಬೇಕು. ಹಾಗಾಗಿ ಬೆಳಿಗ್ಗೆಯೇ ಬೆಟ್ಟ ಮುಗಿಸಿ. ನವರಾತ್ರಿಯ ನೂಕುನುಗ್ಗಲಿನಲ್ಲಿ ಮಾತ್ರ ಹೋಗಬೇಡಿ.