ಇಂಜಿನ್ ಜಾಮ್ ಆಗಿದೆ: ಗುಜರಿಗೆ ಹಾಕೋ ಮುಂಚೆ ಒಂದು ಪಾಠ

ಕಳೆದ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ನಮ್ಮ ಗೆಳೆಯನಿಗೆ ಮನೆಯಿಂದ ಫೋನ್ ಬಂತು. ಅವರಪ್ಪ ಹಳೇ ಓಮ್ನಿಯಲ್ಲಿ ತೆಂಗಿನಕಾಯಿ ಹಾಕ್ಕೊಂಡು ಹೊಸದುರ್ಗದಿಂದ ಹಿರಿಯೂರಿಗೆ ಹೊರಟಿದ್ದರು. ದಾರಿಯಲ್ಲಿ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು. 'ಇನ್ನೊಂದು ನಾಲ್ಕು ಕಿಲೋಮೀಟರ್ ಹೋದ್ರೆ ಊರು ಸಿಗ್ತೈತೆ' ಅಂತ ಓಡಿಸಿದರು. ಊರು ಸಿಗಲಿಲ್ಲ, ಗಾಡಿ ನಿಂತಿತು. ಆಮೇಲೆ ಕೀ ಎಷ್ಟು ತಿರುಗಿಸಿದರೂ ಬರೀ 'ಟಕ್' ಅನ್ನೋ ಸದ್ದು. ನೋಡಿದವರೊಬ್ಬರು 'ಇಂಜಿನ್ ಸೀಜ್ ಆಗೈತೆ, ಗುಜರಿಗೆ ಹಾಕಿ' ಅಂದರು. ಗುಜರಿಯವರು 20 ಸಾವಿರಕ್ಕೆ ಕೇಳಿದರು. ಆ ಮನೆಯ ದುಡಿಮೆ ನಿಂತಿರೋದೇ ಆ ಗಾಡಿಯ ಮೇಲೆ. ನಮ್ಮ ಗೆಳೆಯನ ಫೀಸು ಬರೋದೂ ಅಲ್ಲಿಂದಲೇ.

ಶನಿವಾರ ನಾವು ನಾಲ್ವರು ಚಿತ್ರದುರ್ಗದಿಂದ ಹೊಸದುರ್ಗದ ಬಸ್ ಹತ್ತಿದೆವು. ಅಲ್ಲಿ ಕಲಿತದ್ದನ್ನು ಇಲ್ಲಿ ಬರೆದಿದ್ದೇವೆ.

ಜಾಮ್ ಅಂದರೆ ಏನು?

ಕ್ರ್ಯಾಂಕ್ ಶಾಫ್ಟ್ ತಿರುಗದೇ ಇರುವುದಕ್ಕೆ ಜಾಮ್ ಅನ್ನುತ್ತೇವೆ. ಅದು ಜ್ವರ ಇದ್ದ ಹಾಗೆ, ಕಾಯಿಲೆಯ ಹೆಸರಲ್ಲ. ಕಾರಣಗಳು ಬೇರೆ ಬೇರೆ.

ಹೈವೇಯಲ್ಲಿ ಆಯಿಲ್ ಕಮ್ಮಿ ಇಟ್ಟುಕೊಂಡು ಜೋರಾಗಿ ಓಡಿಸಿದರೆ ಬೇರಿಂಗ್ ಉಜ್ಜಿ ಹಿಡಿದುಕೊಳ್ಳುತ್ತದೆ. ಹೊಳಲ್ಕೆರೆ ಕಡೆಯ ಅಡಿಕೆ ತೋಟದಲ್ಲಿ ವರ್ಷಗಟ್ಟಲೆ ಸುಮ್ಮನೆ ಬಿದ್ದ ಡೀಸೆಲ್ ಪಂಪ್‌ಸೆಟ್ ತುಕ್ಕಿನಿಂದ ಹಿಡಿದುಕೊಳ್ಳುತ್ತದೆ. 2022ರಲ್ಲಿ ವಾಣಿ ವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿತ್ತಲ್ಲ, ಅಂಥ ಮಳೆಗಾಲದಲ್ಲಿ ನೀರು ನಿಂತ ರಸ್ತೆಗೆ ಗಾಡಿ ಇಳಿಸಿದರೆ ಸಿಲಿಂಡರ್ ಒಳಗೆ ನೀರು ಹೋಗುತ್ತದೆ. ಗಾಳಿಯ ಹಾಗೆ ನೀರನ್ನು ಒತ್ತಿ ಕುಗ್ಗಿಸೋಕೆ ಆಗಲ್ಲ, ಪಿಸ್ಟನ್ ಅಲ್ಲೇ ನಿಲ್ಲುತ್ತದೆ.

ನಾಲ್ಕನೆಯದು ಬಿಸಿ. ಓಮ್ನಿಯ 796 ಸಿಸಿ ಇಂಜಿನ್‌ಗೆ ಮೂರು ಸಿಲಿಂಡರ್, ಒಂದೊಂದರ ಬೋರ್ 68.5 ಮಿ.ಮೀ. ಉಷ್ಣತೆ 100 ಡಿಗ್ರಿ ಹೆಚ್ಚಾದರೆ ಅಲ್ಯೂಮಿನಿಯಂ ಪಿಸ್ಟನ್ ಸುಮಾರು 0.16 ಮಿ.ಮೀ. ಹಿಗ್ಗುತ್ತದೆ. ಎರಕದ ಕಬ್ಬಿಣದ ಬೋರ್ ಅಷ್ಟೇ ಬಿಸಿಗೆ 0.08 ಮಿ.ಮೀ. ಮಾತ್ರ ಹಿಗ್ಗುತ್ತದೆ. ಉಳಿದ 0.08 ಮಿ.ಮೀ. ಒಂದು ತಲೆಗೂದಲಿನ ದಪ್ಪ. ಪಿಸ್ಟನ್ನಿಗೂ ಬೋರಿಗೂ ನಡುವೆ ಇರೋ ಸಂದೂ ಹೆಚ್ಚೂಕಮ್ಮಿ ಅಷ್ಟೇ. ಅದು ಮುಚ್ಚಿಹೋದರೆ ಆಯಿಲ್ ಪದರ ಹರಿದು ಲೋಹಕ್ಕೆ ಲೋಹ ಅಂಟುತ್ತದೆ.

ನಾವು ನೋಡಿದ ಕ್ರಮ

1. ಹೆಡ್‌ಲೈಟ್ ಹಾಕಿ ಕೀ ತಿರುಗಿಸಿದೆವು. ಲೈಟ್ ಮಂಕಾಗದೆ ಸ್ಟಾರ್ಟರ್ ಸುಮ್ಮನಿದ್ದರೆ ವೈರಿಂಗ್ ಅಥವಾ ಸ್ಟಾರ್ಟರ್ ಸ್ವಿಚ್ ನೋಡಬೇಕು. ನಮ್ಮದು ಮಂಕಾಯಿತು. ಬ್ಯಾಟರಿ 12.5 ವೋಲ್ಟ್ ಇತ್ತು. ಅಂದರೆ ಕರೆಂಟ್ ಹೋಗ್ತಿದೆ, ತಿರುಗೋಕೆ ಆಗ್ತಿಲ್ಲ.

2. ನ್ಯೂಟ್ರಲ್‌ನಲ್ಲಿ ತಳ್ಳಿದೆವು, ಗಾಡಿ ಉರುಳಿತು. ಚಕ್ರದ ತೊಂದರೆ ಅಲ್ಲ.

3. ಫ್ಯಾನ್ ಬೆಲ್ಟ್ ಬಿಚ್ಚಿದೆವು. ಎಷ್ಟೋ ಸಲ ಹಿಡಿದಿರೋದು ಆಲ್ಟರ್ನೇಟರೋ ವಾಟರ್ ಪಂಪೋ ಆಗಿರುತ್ತದೆ, ಬೈಗುಳ ಮಾತ್ರ ಇಂಜಿನ್‌ಗೆ. ನಮ್ಮ ಗಾಡಿಯಲ್ಲಿ ಎರಡೂ ಸಲೀಸಾಗಿ ತಿರುಗಿದವು.

4. ಡಿಪ್‌ಸ್ಟಿಕ್ ಎಳೆದೆವು. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ ಅಂತ. ಮಿಣಮಿಣ ಲೋಹದ ಪುಡಿ ಕಂಡರೆ ಬೇರಿಂಗ್ ಹೋಗಿದೆ ಅಂತ. ನಮ್ಮದು ಕಪ್ಪಗಿತ್ತು, ಆದರೆ ಪುಡಿ ಇರಲಿಲ್ಲ. ಇದು ಮೊದಲ ಒಳ್ಳೆ ಸುದ್ದಿ.

5. ಸೀಟ್ ಎತ್ತಿ ಮೂರೂ ಸ್ಪಾರ್ಕ್ ಪ್ಲಗ್ ತೆಗೆದು, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿದೆವು. ಒಳಗೆ ನೀರಿದ್ದರೆ ಈಗ ಚಿಮ್ಮಿ ಬಂದು ಇಂಜಿನ್ ಬಿಟ್ಟುಕೊಳ್ಳುತ್ತದೆ, ಅದಕ್ಕೇ ಮುಖ ದೂರ ಇಡಬೇಕು. ನೀರು ಬರಲಿಲ್ಲ, ಪುಲ್ಲಿ ಅಲ್ಲಾಡಲೂ ಇಲ್ಲ.

ಇಲ್ಲಿ ನಾವೊಂದು ತಪ್ಪು ಮಾಡಿದೆವು. ಸ್ಪ್ಯಾನರ್‌ಗೆ ಉದ್ದನೆ ಪೈಪ್ ಸಿಕ್ಕಿಸಿ ಒತ್ತಲು ಹೋದೆವು. ಅಷ್ಟರಲ್ಲಿ ಪಕ್ಕದ ಬೀದಿಯ ಮೆಕ್ಯಾನಿಕ್ ಅಣ್ಣ ಬಂದರು. 'ಬೋಲ್ಟ್ ಮುರಿದ್ರೆ ಯಾರು ಕೊಡ್ತಾರೆ? ಬಿಡಿಸೋದು ಆಮೇಲೆ. ಯಾಕೆ ಹಿಡ್ಕೊಂಡೈತೆ ಅಂತ ಮೊದ್ಲು ಹೇಳ್ರಪ್ಪಾ' ಅಂದರು. ನಾವು ಸುಮ್ಮನಾದೆವು.

ಪ್ಲಗ್ ತೂತಿನಿಂದ ತುಕ್ಕು ಬಿಡಿಸೋ ಎಣ್ಣೆ ಬಿಟ್ಟು ಇಡೀ ರಾತ್ರಿ ನೆನೆಸಿದೆವು. ಬೆಳಿಗ್ಗೆ ಪೈಪ್ ಇಲ್ಲದೆ, ಹಿಂದೆ ಮುಂದೆ ಸ್ವಲ್ಪ ಸ್ವಲ್ಪವೇ ಆಡಿಸಿದಾಗ ಪುಲ್ಲಿ ಬಿಟ್ಟುಕೊಂಡಿತು. ನಾವು ಕುಣಿದೆವು. ಅಣ್ಣ ಕುಣಿಯಲಿಲ್ಲ. 'ಸ್ಟಾರ್ಟ್ ಮಾಡಬೇಡಿ, ಕಂಪ್ರೆಶನ್ ನೋಡಿ' ಅಂದರು.

ಎರಡು ಸಿಲಿಂಡರ್ ಸರಿಯಿದ್ದವು, ನಡುವಿನದು ಅರ್ಧಕ್ಕಿಂತ ಕಮ್ಮಿ. ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದೆವು. ಆಗಲೂ ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ, ಏರಿದರೆ ರಿಂಗ್ ಮತ್ತು ಬೋರ್ ಮೇಲೆ. ಏರಿತು. ಹೆಡ್ ಬಿಚ್ಚಿದಾಗ ನಡುವಿನ ಬೋರ್‌ನಲ್ಲಿ ಉಗುರಿಗೆ ಸಿಗುವಷ್ಟು ಗೀರು. ಕೆಳಗೆ ಆಯಿಲ್ ಪ್ಯಾನ್ ಬಿಚ್ಚಿ ನೋಡಿದರೆ ಕ್ರ್ಯಾಂಕ್ ಮತ್ತು ಬೇರಿಂಗ್ ಚೆನ್ನಾಗಿದ್ದವು.

ಯಾಕೆ ಅನ್ನೋ ಪ್ರಶ್ನೆ

ಉತ್ತರ ರೇಡಿಯೇಟರ್‌ನಲ್ಲಿತ್ತು. ವರ್ಷಗಳಿಂದ ಅದಕ್ಕೆ ಬೋರ್‌ವೆಲ್ ನೀರನ್ನೇ ತುಂಬಿಸುತ್ತಿದ್ದರು. ನಮ್ಮ ಕಡೆಯ ಗಡಸು ನೀರು ಗೀಸರ್ ಕಾಯಿಲ್ ಮೇಲೆ, ಬಕೆಟ್ ಅಂಚಿನಲ್ಲಿ ಬಿಳಿ ಪದರ ಕಟ್ಟೋದು ಎಲ್ಲರಿಗೂ ಗೊತ್ತು. ಅದೇ ಪದರ ರೇಡಿಯೇಟರ್‌ನ ಸಣ್ಣ ನಳಿಗೆಗಳ ಒಳಗೂ ಕಟ್ಟಿತ್ತು. ನೀರು ತುಂಬಿತ್ತು, ಹರಿಯುತ್ತಿರಲಿಲ್ಲ. ಇದನ್ನು ನೋಡದೆ ಹೊಸ ಇಂಜಿನ್ನೇ ಕೂರಿಸಿದ್ದರೂ ಮುಂದಿನ ಬೇಸಿಗೆಗೆ ಅದೂ ಹಿಡಿದುಕೊಳ್ಳುತ್ತಿತ್ತು.

ಮುಂದೇನು?

ದಾರಿ ಮೂರಿದ್ದವು. ಮೊದಲನೆಯದು, ಗುಜರಿಯವರ 20 ಸಾವಿರ. ಎರಡನೆಯದು, ಬೆಂಗಳೂರಿನ ಶಿವಾಜಿನಗರದಿಂದ ಹಳೇ ಇಂಜಿನ್ ತಂದು ಹಾಕೋದು. ಆದರೆ ಅದರ ಒಳಗೆ ಏನಿದೆಯೋ ಗೊತ್ತಿಲ್ಲ. ಜೊತೆಗೆ ಇಂಜಿನ್ ನಂಬರ್ ಆರ್‌ಸಿಯಲ್ಲಿ ಇರುತ್ತದೆ, ಬಿಲ್ ಇಟ್ಟುಕೊಂಡು ಆರ್‌ಟಿಓದಲ್ಲಿ ಬದಲಾವಣೆ ದಾಖಲು ಮಾಡಿಸಬೇಕು. ಮೂರನೆಯದು, ಚಿತ್ರದುರ್ಗದಲ್ಲಿ ಬೋರ್ ಮಾಡಿಸಿ 0.50 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕೋದು. ಇದಕ್ಕೆ ರೇಡಿಯೇಟರ್ ಸೇರಿ 28 ಸಾವಿರ ಅಂದರು.

ಓಡುವ ಸ್ಥಿತಿಯಲ್ಲಿ ಆ ಗಾಡಿಗೆ 70 ಸಾವಿರ ಬರುತ್ತಿತ್ತು. ಬಾಡಿಯಲ್ಲಿ ತುಕ್ಕಿರಲಿಲ್ಲ, ಆರ್‌ಸಿ ಅವಧಿಯೂ ಉಳಿದಿತ್ತು. 28 ಹಾಕಿದರೆ 20ರ ಗಾಡಿ 70ರದ್ದಾಗುತ್ತದೆ. ಕ್ರ್ಯಾಂಕ್ ಹಾಳಾಗಿದ್ದರೆ, ಇಲ್ಲಾ 15 ವರ್ಷದ ನೋಂದಣಿ ಮುಗಿಯುತ್ತಾ ಬಂದಿದ್ದರೆ ನಾವೇ ಗುಜರಿಗೆ ಹಾಕಿ ಅನ್ನುತ್ತಿದ್ದೆವು. ಲೆಕ್ಕವನ್ನು ಹಾಳೆಯಲ್ಲಿ ಬರೆದು ಗೆಳೆಯನ ಅಪ್ಪನ ಕೈಗೆ ಕೊಟ್ಟೆವು, ತೀರ್ಮಾನ ಅವರದ್ದು. ಅವರು ಬೋರ್ ಮಾಡಿಸಿದರು.

ಈಗ ಓಮ್ನಿ ಹಿರಿಯೂರಿಗೆ ಹೋಗಿಬರ್ತಿದೆ. ರೇಡಿಯೇಟರ್‌ಗೆ ಬೋರ್‌ವೆಲ್ ನೀರು ಬಂದ್, ಕೂಲಂಟ್ ಮಾತ್ರ.

ನಿಮಗೂ ಹೀಗಾದರೆ ಇಷ್ಟು ನೆನಪಿರಲಿ: ಮುಳ್ಳು ಮೇಲೇರಿದ ಕೂಡಲೇ ಪಕ್ಕಕ್ಕೆ ನಿಲ್ಲಿಸಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ನಿಂತ ಇಂಜಿನ್‌ಗೆ ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಡಿ. 'ನಾಲ್ಕೇ ಕಿಲೋಮೀಟರ್' ಅಂತ ಅನ್ನಿಸಿದರೂ ಮುಂದೆ ಹೋಗಬೇಡಿ. ಆ ನಾಲ್ಕು ಕಿಲೋಮೀಟರ್‌ಗೆ ಗೆಳೆಯನ ಮನೆಯವರು ಕೊಟ್ಟ ಬೆಲೆ 28 ಸಾವಿರ.