ಹೆವಿ ಲೈಸೆನ್ಸ್ ಕೇಳಿದ ತಂಗಿಯ ಮಗಳಿಗೆ



ಬಿ.ಕಾಂ. ಮುಗಿಸಿದ ಹುಡುಗಿ ಲಾರಿ ಓಡಿಸ್ತೀನಿ ಅಂತ ಹಟ ಹಿಡಿದಿದ್ದಾಳೆ, ನೀನಾದರೂ ಬುದ್ಧಿ ಹೇಳಕ್ಕ ಎಂದು ನಿಮ್ಮಮ್ಮ ಫೋನ್ ಮಾಡಿದ್ದಳು. ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ. ನಿಮ್ಮ ದೊಡ್ಡಪ್ಪ ಹಾಸಿಗೆ ಹಿಡಿದ ಮೇಲೆ ಈ ಮನೆಯ ಒಲೆ ಉರಿದದ್ದು ನಾನು ಓಡಿಸಿದ ಲಾರಿಯಿಂದ, ನಿನ್ನ ಅಣ್ಣಂದಿರು ಓದಿದ್ದು ಲಾರಿಯಿಂದ. ಆದರೆ ಹತ್ತುವ ಮೊದಲು ನಿನಗೆ ಗೊತ್ತಿರಬೇಕಾದದ್ದು ಬೇಕಾದಷ್ಟಿದೆ. ನಿನ್ನ ಹಾಗೆ ಕೇಳುವ ಹುಡುಗಿಯರು ಬೇರೆ ಊರುಗಳಲ್ಲೂ ಇದ್ದಾರೆ. ಅದಕ್ಕೇ ಮನೆಗೆ ಹಾಕಬೇಕಾದ ಪತ್ರವನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ.

ಲೈಸೆನ್ಸಿನ ಮಾತು ಮೊದಲು ಮುಗಿಸಿಬಿಡುತ್ತೇನೆ. ನಿನಗೆ 20 ವರ್ಷ ತುಂಬಿದೆ, ಅದು ಸಾಕು. ಕಾರಿನ ಲೈಸೆನ್ಸ್ ಕೈಗೆ ಬಂದು ಒಂದು ವರ್ಷವಾಗಿರಬೇಕು. ಡ್ರೈವಿಂಗ್ ಸ್ಕೂಲಿನ ಫಾರ್ಮ್ 5 ಸರ್ಟಿಫಿಕೇಟ್ ಬೇಕು. ದುಡ್ಡು ಕೊಟ್ಟರೆ ಕಲಿಸದೆಯೇ ಸರ್ಟಿಫಿಕೇಟ್ ಕೈಗಿಡುವವರು ಸಿಗುತ್ತಾರೆ, ಅವರ ಬಾಗಿಲಿಗೆ ಹೋಗಬೇಡ. ಹೆಂಗಸಿಗೆ ಇಷ್ಟು ದೊಡ್ಡ ಗಾಡಿ ತಿರುಗಿಸಲು ಆಗುತ್ತದಾ ಎಂದು ಕೇಳುವವರಿಗೆ ಉತ್ತರ ಕೊಡುತ್ತಾ ಕೂರಬೇಡ. ಪವರ್ ಸ್ಟೇರಿಂಗ್ ಬಂದು ಎಷ್ಟೋ ಕಾಲವಾಯಿತು. ಭೋಪಾಲದ ಯೋಗಿತಾ ರಘುವಂಶಿ ಕಾನೂನು ಓದಿದವರು. ಗಂಡ ತೀರಿಕೊಂಡ ಮೇಲೆ ಲಾರಿ ಹಿಡಿದು ರಾಜ್ಯ ರಾಜ್ಯ ದಾಟಿ ಓಡಿಸಿದರು, ಮಕ್ಕಳನ್ನು ಸಾಕಿದರು. ನಮ್ಮ ಬೆಂಗಳೂರಿನ ಬಿಎಂಟಿಸಿ ಬಸ್ಸನ್ನು ಪ್ರೇಮಾ ನಡಪಟ್ಟಿ ಓಡಿಸಿದ್ದನ್ನು ಊರೇ ನೋಡಿದೆ. ಆಗುತ್ತದಾ ಇಲ್ಲವಾ ಎಂಬ ಪ್ರಶ್ನೆ ಅಲ್ಲಿಗೇ ಮುಗಿದಿದೆ.

ನೀನು ಕೇಳಬೇಕಾದ ಪ್ರಶ್ನೆ ಬೇರೆ. ಲಾರಿ ನಿಂತಿರುವ ಹೊತ್ತಿನಲ್ಲಿ ಯಾರ ದುಡ್ಡು ಕರಗುತ್ತಿದೆ? ಇದು ಗೊತ್ತಿಲ್ಲದವರು ಎಷ್ಟು ಚೆನ್ನಾಗಿ ಓಡಿಸಿದರೂ ಸಂಪಾದನೆ ಮಾಡಲಾರರು. ನಿನ್ನ ಬಿ.ಕಾಂ. ದಂಡವಾಗುತ್ತದೆ ಎಂದು ನಿಮ್ಮಮ್ಮ ಅಳುತ್ತಾಳೆ. ನನಗಂತೂ ಈ ಕಸುಬಿಗೆ ಅದಕ್ಕಿಂತ ಬೇಕಾದ ಓದು ಕಾಣುವುದಿಲ್ಲ.

ನಾನು ಹೆಚ್ಚು ಓಡಾಡಿದ್ದು ನಾಮಕ್ಕಲ್ ಲೈನಿನಲ್ಲಿ. ದಾವಣಗೆರೆಯ ಮೆಕ್ಕೆಜೋಳ ಅಲ್ಲಿಯ ಕೋಳಿ ಫಾರಂಗಳಿಗೆ ಹೋಗುತ್ತದೆ. ತುಮಕೂರು ದಾಟಿ, ನೈಸ್ ರಸ್ತೆಯಲ್ಲಿ ಬೆಂಗಳೂರನ್ನು ಸುತ್ತಿ, ಹೊಸೂರು, ಕೃಷ್ಣಗಿರಿ, ಧರ್ಮಪುರಿ, ಸೇಲಂ ಮೇಲೆ ಹೋದರೆ 500 ಕಿ.ಮೀ.ಗೂ ಹೆಚ್ಚು. ಲೋಡಿದ್ದಾಗ ಹತ್ತು ಚಕ್ರದ ಗಾಡಿ ಲೀಟರಿಗೆ 4 ಕಿ.ಮೀ. ಆಸುಪಾಸು ಕೊಡುತ್ತದೆ. ಡೀಸೆಲ್ 90 ರೂಪಾಯಿ ಹಿಡಿ, ಹೋಗುವುದಕ್ಕೇ 11,000 ದಾಟಿತು. ಅದರ ಮೇಲೆ ಟೋಲು, ಹೊಗೆ ಶುದ್ಧಿಗೆ ಹಾಕುವ ಯೂರಿಯಾ, ಹಮಾಲಿ, ಭತ್ಯೆ, ಟೈರಿನ ಸವೆತ. ಬರುವಾಗ ಖಾಲಿ ಬಂದರೆ ಬಾಡಿಗೆಯೆಲ್ಲ ರಸ್ತೆಗೇ ಸುರಿದ ಹಾಗೆ. ಸೇಲಂನಲ್ಲಿ ಸಾಬಕ್ಕಿ ಸಿಗುತ್ತದೆ, ಆದರೆ ಅದಕ್ಕೆ ಒಂದು ದಿನ ಕಾಯಬೇಕಾದೀತು. ಕಾಯುವುದಾ, ಖಾಲಿ ಹೊರಡುವುದಾ ಎಂದು ನಿರ್ಧರಿಸಲು ನಿನ್ನ ಗಾಡಿ ಒಂದು ದಿನ ನಿಂತರೆ ಎಷ್ಟು ನಷ್ಟ ಎಂಬ ಅಂಕಿ ಬಾಯಲ್ಲಿರಬೇಕು. ಸಂಬಳದ ಡ್ರೈವರ್ ಆದರೂ ಅದು ಗೊತ್ತಿರಲಿ. ಮಾಲೀಕ ನಿನ್ನ ಭತ್ಯೆ ಕಡಿಯುವುದು ಅಲ್ಲಿಂದಲೇ.

ಹಾಲ್ಟಿಂಗ್, ಅಂದರೆ ಗಾಡಿ ಕಾಯಿಸಿದ್ದಕ್ಕೆ ಕೊಡುವ ದುಡ್ಡಿನ ಮಾತು ಲೋಡ್ ಹತ್ತುವ ಮುಂಚೆಯೇ ಆಗಬೇಕು. ಗೇಟಿನ ಹೊರಗೆ ಎರಡನೇ ದಿನ ಕಾಯುವಾಗ ಕೇಳಿದರೆ ಬ್ರೋಕರ್ ಫೋನೇ ಎತ್ತುವುದಿಲ್ಲ. ಎಷ್ಟು ಗಂಟೆಯ ಮೇಲೆ, ದಿನಕ್ಕೆ ಎಷ್ಟು ಎಂದು ವಾಟ್ಸ್‌ಆಪಿನಲ್ಲಿ ಬರೆಸಿಕೊ. ಬಾಯಿಮಾತಿನಲ್ಲಿ ಒಪ್ಪಿದ್ದನ್ನು ನೀನೇ ಟೈಪ್ ಮಾಡಿ ಕಳಿಸು, ‘ಆಯ್ತು’ ಎಂದು ಅವರು ಉತ್ತರಿಸಿದರೆ ಸಾಕು.

ಬ್ಯಾಲೆನ್ಸ್ ಬಾಡಿಗೆ ಸಿಗುವುದು ಮಾಲು ಇಳಿಸಿಕೊಂಡವರು ಲಾರಿ ರಸೀದಿ, ಅಂದರೆ ಎಲ್‌ಆರ್ ಮೇಲೆ ಸಹಿ ಹಾಕಿದ ಮೇಲೆ. ಆ ಸಹಿಯ ಪಕ್ಕದಲ್ಲಿ ಏನು ಬರೆದಿದ್ದಾರೆ ಎಂದು ಓದದೆ ಗಾಡಿ ಹತ್ತಬೇಡ. ಒಮ್ಮೆ ಮಳೆಗಾಲದ ಕೊನೆಯಲ್ಲಿ ಒಂದು ಫೀಡ್ ಫ್ಯಾಕ್ಟರಿಯ ಗುಮಾಸ್ತ ಮೇಲಿನ ಚೀಲಕ್ಕೆ ಕೊಳವೆ ಚುಚ್ಚಿ ಕಾಳು ತೆಗೆದು ಮೀಟರಿಗೆ ಹಾಕಿದ. ತೇವಾಂಶ ಶೇ. 17 ತೋರಿಸಿತು. ಅವರು ಒಪ್ಪುತ್ತಿದ್ದದ್ದು 14ರವರೆಗೆ. ‘ತಾಡಪಾಲು ಸೋರಿದೆ, ಬಾಡಿಗೆಯಲ್ಲಿ ಹಿಡೀತೀವಿ’ ಎಂದು ಬರೆಯಲು ಪೆನ್ನು ತೆಗೆದ. ನಾನು ಚೀಲದ ಬಾಯಿ ಮುಟ್ಟಿ ನೋಡಿದೆ, ಗೋಣಿ ಒಣಗಿತ್ತು. ನಡುವಿನ ಸಾಲಿನ ಚೀಲ ಇಳಿಸಿ ನೋಡಿ ಅಂದೆ. ಅವನು ಒಪ್ಪಲಿಲ್ಲ, ನಾನು ಕದಲಲಿಲ್ಲ. ಹಮಾಲಿ ಹುಡುಗನೇ ಕೊನೆಗೆ ಒಳಗಿನ ಚೀಲ ಎಳೆದು ಕೊಟ್ಟ. ಅದರಲ್ಲೂ 17. ಮಳೆ ನೀರು ಒಳಗಿನ ಸಾಲಿಗೂ ಮೇಲಿನ ಸಾಲಿಗೂ ಅಳೆದು ಹಂಚಿದಂತೆ ಇಳಿಯುವುದಿಲ್ಲವಲ್ಲ! ಹಸಿ ಮೆಕ್ಕೆಜೋಳವನ್ನೇ ತುಂಬಿದ್ದರು, ಅದು ವ್ಯಾಪಾರಿಗಳ ನಡುವಿನ ಜಗಳ, ಲಾರಿಯದಲ್ಲ. ‘ಲಾರಿಯ ತಪ್ಪಿಲ್ಲ’ ಎಂದು ಬರೆಸಿಕೊಂಡೇ ಹೊರಟೆ. ಅಂದಿನಿಂದ ಲೋಡ್ ಆಗುವಾಗಲೇ ಮೀಟರಿನ ಅಂಕಿಯನ್ನು ಎಲ್‌ಆರ್ ಬೆನ್ನಿಗೆ ಬರೆಸಿ ಸಹಿ ಹಾಕಿಸುತ್ತಿದ್ದೆ. ನೀನೂ ಹಾಗೇ ಮಾಡು.

ಓವರ್‌ಲೋಡಿಗೆ ಮಾತ್ರ ಯಾರ ಮುಲಾಜಿಗೂ ಬೀಳಬೇಡ. ಹತ್ತು ಚಕ್ರದ ಗಾಡಿಗೆ 2018ರಲ್ಲಿ ಒಟ್ಟು ತೂಕದ ಮಿತಿಯನ್ನು 25ರಿಂದ 28.5 ಟನ್ನಿಗೆ ಏರಿಸಿದರು, ಗಾಡಿಯ ತೂಕವೂ ಸೇರಿ. ಅದರ ಮೇಲೆ ಹೋದರೆ 20,000 ರೂಪಾಯಿ ದಂಡ, ಹೆಚ್ಚಿದ ಪ್ರತಿ ಟನ್ನಿಗೆ ಮತ್ತೆ 2,000. ದಂಡವನ್ನು ಮಾಲೀಕ ಕಟ್ಟುತ್ತೇನೆ ಅಂದಾನು. ಆದರೆ ಆ ತೂಕ ಹೊತ್ತು ತೊಪ್ಪೂರು ಘಾಟಿ ಇಳಿಯುವವಳು ನೀನು. ಧರ್ಮಪುರಿಯಿಂದ ಸೇಲಂ ಕಡೆ ಇಳಿಯುವ ಆ ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ, ಬ್ರೇಕ್ ಒತ್ತಿ ಒತ್ತಿ ಡ್ರಮ್ ಕಾದು, ಕೊನೆಗೆ ಬ್ರೇಕ್ ಹಿಡಿಯದೆ ಮುಂದಿನ ಗಾಡಿಗಳ ಮೇಲೆ ಹೋದವರು ಎಷ್ಟೋ ಮಂದಿ. ಇಳಿಜಾರು ಶುರುವಾಗುವ ಮುನ್ನವೇ ಗೇರ್ ಇಳಿಸು. ಲೋಡಿನಲ್ಲಿ ಅಂಥ ಏರನ್ನು ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಎಕ್ಸಾಸ್ಟ್ ಬ್ರೇಕ್ ಹಾಕು, ಏರ್ ಗೇಜಿನ ಮುಳ್ಳಿನ ಮೇಲೆ ಕಣ್ಣಿಡು. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ.

ಇನ್ನು ಯಾರೂ ನಿನಗೆ ಹೇಳಿಕೊಡದ ಮಾತು. ನೀರು ಕುಡಿ. ಶೌಚಕ್ಕೆ ಇಳಿಯಲು ಜಾಗವಿಲ್ಲವೆಂದು ಬೆಳಗಿನಿಂದ ಬಾಯಿ ಒದ್ದೆ ಮಾಡದೆ ಓಡಿಸಿದ ಹೆಂಗಸರು ಉರಿಮೂತ್ರ, ಜ್ವರ ಅಂತ ನರಳಿದ್ದನ್ನು ಕಂಡಿದ್ದೇನೆ. ಈ ಒಂದು ಕಾರಣಕ್ಕೇ ಕಸುಬು ಬಿಟ್ಟವರನ್ನೂ ಬಲ್ಲೆ. ಇದು ನಾಚಿಕೆಯ ವಿಷಯವಲ್ಲ, ಕೆಲಸದ ವಿಷಯ. ನನ್ನ ಹತ್ತಿರ ಒಂದು ಹಳೇ ಡೈರಿ ಇದೆ. ಯಾವ ಬಂಕಿನಲ್ಲಿ ಹೆಂಗಸರ ಶೌಚಾಲಯಕ್ಕೆ ಒಳಚಿಲಕ ಇದೆ, ಎಲ್ಲಿ ನೀರು ಬರುತ್ತದೆ, ಎಲ್ಲಿ ಬೀಗ ಹಾಕಿ ಕೀಲಿ ಆಫೀಸಿನಲ್ಲಿಡುತ್ತಾರೆ, ಎಲ್ಲಿ ಸ್ನಾನಕ್ಕೆ ಅನುಕೂಲ ಎಂದು ಊರೂರಿನ ಹೆಸರಿನಡಿ ಬರೆದಿಟ್ಟಿದ್ದೇನೆ. ಅದು ನಿನಗೇ. ಕೆಲವು ಬದಲಾಗಿರುತ್ತವೆ, ತಿದ್ದಿಕೊ. ತೈಲ ಕಂಪನಿಯೇ ನಡೆಸುವ ಬಂಕುಗಳು ನನ್ನ ಅನುಭವದಲ್ಲಿ ವಾಸಿ. ಫ್ಯಾಕ್ಟರಿಗೆ ಹೋದಾಗ ಒಳಗೆ ಕೆಲಸ ಮಾಡುವ ಹೆಂಗಸರ ಶೌಚಾಲಯ ಎಲ್ಲಿದೆ ಎಂದು ಸೆಕ್ಯುರಿಟಿಯವನನ್ನು ಎಲ್ಲರೆದುರೇ ಕೇಳು. ಸಂಕೋಚ ಅವನಿಗಿರಲಿ.

ರಾತ್ರಿ ದೀಪವೂ ಕ್ಯಾಮೆರಾವೂ ಇರುವ ಬಂಕಿನಲ್ಲೇ ಗಾಡಿ ಹಾಕು, ರಸ್ತೆ ಬದಿಯಲ್ಲಿ ಬೇಡ. ಕ್ಯಾಬಿನ್ನಿಗೆ ಪರದೆ, ಒಳಗಿನಿಂದ ಬೀಗ. ಯಾರೇ ಬಾಗಿಲು ತಟ್ಟಿದರೂ ಗಾಜು ಇಳಿಸದೆ ಮಾತಾಡು. ತುರ್ತು ಸಹಾಯದ 112 ಮತ್ತು ಹೆದ್ದಾರಿ ಸಹಾಯವಾಣಿಯ 1033 ಫೋನಿನಲ್ಲಿರಲಿ. ಇಷ್ಟು ಹೇಳಿದ ಮೇಲೆ ಇದನ್ನೂ ಹೇಳಬೇಕು: ರಾತ್ರಿ ಹೊತ್ತು ಸ್ಟೆಪ್ನಿ ಬದಲಿಸುವಾಗ ಗಾಡಿ ನಿಲ್ಲಿಸಿ ಜಾಕಿ ಹಿಡಿದ ಗಂಡಸರು, ‘ಅಕ್ಕ, ನೀವು ಚಹಾ ಕುಡೀರಿ’ ಎಂದವರು, ನನಗೆ ಕಾಟ ಕೊಟ್ಟವರಿಗಿಂತ ಬಹಳ ಹೆಚ್ಚು. ಅಂಥ ಒಳ್ಳೆಯವರನ್ನು ನಂಬಲು ಕಲಿಯದಿದ್ದರೆ ಈ ರಸ್ತೆಯಲ್ಲಿ ಒಂಟಿಯಾಗಿಬಿಡುತ್ತೀ.

ಡ್ರೈವರಿಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು 1961ರಲ್ಲೇ ಕಾಯ್ದೆ ಬರೆದಿಟ್ಟರು. 2025ರವರೆಗೆ ಇದ್ದ ಆ ಕಾಯ್ದೆ ಬರೆದದ್ದು ಐದು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ, ನಮ್ಮಲ್ಲಿ ಬಹಳ ಮಾಲೀಕರದು ಒಂದೋ ಎರಡೋ ಗಾಡಿ. ಹಾಗಾಗಿ ನಿದ್ದೆಯ ಲೆಕ್ಕ ನೀನೇ ಇಟ್ಟುಕೊಳ್ಳಬೇಕು. ಕಣ್ಣು ಎಳೆಯುತ್ತಿದ್ದರೆ ಮಾಲೀಕನ ಫೋನಿಗಿಂತ ಮೊದಲು ಹ್ಯಾಂಡ್ ಬ್ರೇಕ್. ಡ್ರೈವರು, ಕ್ಲೀನರು, ಮೆಕ್ಯಾನಿಕ್‌ಗಳಿಗಾಗಿ ನಮ್ಮ ರಾಜ್ಯದಲ್ಲಿ 2024ರಲ್ಲಿ ಸಾಮಾಜಿಕ ಭದ್ರತೆಯ ಕಾಯ್ದೆ ಬಂದಿದೆ. ಲೈಸೆನ್ಸ್ ಬಂದ ವಾರವೇ ಕಾರ್ಮಿಕ ಇಲಾಖೆಗೆ ಹೋಗಿ ಹೆಸರು ನೋಂದಾಯಿಸು. ನಾವೆಲ್ಲ ದುಡಿಯುವಾಗ ಇದು ಇರಲಿಲ್ಲ.

ಸ್ವಂತ ಗಾಡಿಯ ಆಸೆ ನಿನಗಿದೆ, ಗೊತ್ತು. ಎರಡು ಮೂರು ವರ್ಷ ಸಂಬಳಕ್ಕೆ ಓಡಿಸು. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಇನ್ಶೂರೆನ್ಸ್, ಟ್ಯಾಕ್ಸ್, ಹತ್ತು ಟೈರುಗಳ ಖರ್ಚು ಇನ್ನೊಬ್ಬರ ಗಾಡಿಯಲ್ಲಿ ಕಣ್ಣಾರೆ ನೋಡು. ಕಂತು ಕಟ್ಟುವ ತಾರೀಕು ಲೋಡ್ ಸಿಗುವವರೆಗೆ ಕಾಯುವುದಿಲ್ಲ. ಆರು ತಿಂಗಳ ಕಂತಿನಷ್ಟು ದುಡ್ಡು ಬ್ಯಾಂಕಿನಲ್ಲಿ ಬಿದ್ದಿರುವ ದಿನ ನನಗೆ ಹೇಳು, ಚಾಸಿ ನೋಡಲು ನಾನೂ ಬರುತ್ತೇನೆ. ಅಲ್ಲಿಯವರೆಗೆ ಅಪ್ಪನ ಹೊಲದ ಪತ್ರ ಅಡವಿಡುವ ಮಾತು ಎತ್ತಲೇಬೇಡ.

ಮೆಕ್ಕೆಜೋಳದ ಹಂಗಾಮಿಗೆ ದಾವಣಗೆರೆಗೆ ಬಾ. ನಾಮಕ್ಕಲ್‌ಗೆ ಒಂದು ಲೋಡ್ ಹೋಗಿ ಬರೋಣ. ನೀನು ಕ್ಲೀನರ್ ಕಡೆ ಕೂತು ಖರ್ಚೆಲ್ಲ ಬರೆದುಕೊ, ಸ್ಟೇರಿಂಗ್ ಮುಟ್ಟುವುದು ಬೇಡ. ನಿಮ್ಮಮ್ಮ ಒಪ್ಪದಿದ್ದರೆ ಅವಳನ್ನೂ ಕರೆದುಕೊಂಡು ಬಾ, ಕ್ಯಾಬಿನ್ನಿನಲ್ಲಿ ಮೂವರಿಗೆ ಜಾಗವಿದೆ.

ಇಂತಿ ನಿನ್ನ
ದೊಡ್ಡಮ್ಮ