ಹೆಬ್ಬಾಳದ ಕಿತ್ತಯ, ಹೈಫಾದ ಸವಾರ: ಯುದ್ಧಸ್ಮಾರಕವನ್ನು ಶಾಸನವಾಗಿ ಓದುವ ಬಗೆ

ಕನ್ನಡ ಸಂಶೋಧನೆಯು ವೀರಗಲ್ಲುಗಳಿಗೆ ಕೊಟ್ಟ ಗಮನವನ್ನು ಇಪ್ಪತ್ತನೆಯ ಶತಮಾನದ ಯುದ್ಧಸ್ಮಾರಕಗಳಿಗೆ ಕೊಟ್ಟಿಲ್ಲ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966), ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’ (1982) ಮೊದಲಾದ ಕೃತಿಗಳು ಮಡಿದ ವೀರನನ್ನು ಸಮಾಜವು ಹೇಗೆ ನೆನೆಯಿತೆಂಬುದನ್ನು ವಿವರವಾಗಿ ಶೋಧಿಸಿವೆ. ಅದೇ ಪ್ರಶ್ನೆಯನ್ನು ಬೆಂಗಳೂರಿನ ಉತ್ತರ ಭಾಗದ ಎರಡು ಕಲ್ಲುಗಳ ಮುಂದಿಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲನೆಯದು 2018ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಬೆಳಕಿಗೆ ಬಂದ ವೀರಗಲ್ಲು. ಲಿಪಿಯ ಆಧಾರದಿಂದ ಇದನ್ನು ಸುಮಾರು ಕ್ರಿ.ಶ. 750ರದೆಂದು ನಿರ್ಣಯಿಸಲಾಗಿದೆ. ಗಂಗ ದೊರೆ ಶ್ರೀಪುರುಷನ ಆಳ್ವಿಕೆಯಲ್ಲಿ, ಪೆರ್ಬೊಳಲ್‌ನಾಡು ಮೂವತ್ತರಲ್ಲಿ, ರಟ್ಟವಾಡಿಯವರೊಡನೆ ಕಾದಿ ಕಿತ್ತಯನೆಂಬವನು ಇಂದ್ರಲೋಕ ಸೇರಿದನೆಂಬುದು ಅದರ ಸಾರ. ಕೆಲವೇ ಸಾಲುಗಳಲ್ಲಿ ಅರಸ, ನಾಡು, ಹಗೆ, ಸತ್ತವನ ಹೆಸರು ಎಲ್ಲವೂ ಬಂದಿವೆ.

ಎರಡನೆಯದು ಅಲ್ಲಿಂದ ಬಹುದೂರವಿಲ್ಲದ ಜಯಚಾಮರಾಜೇಂದ್ರನಗರದ ಮೈಸೂರು ಲ್ಯಾನ್ಸರ್ಸ್ ಸ್ಮಾರಕಸ್ತಂಭ. ಮೈಸೂರು ಸಂಸ್ಥಾನದ ಈ ಅಶ್ವಪಡೆ 1914ರಲ್ಲಿ ಈಜಿಪ್ಟಿಗೆ ತೆರಳಿ ಸೂಯೆಜ್ ಕಾಲುವೆಯ ರಕ್ಷಣೆಗೆ ನಿಂತಿತು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದ ಸವಾರರು ಪಟ್ಟಣದತ್ತ ನುಗ್ಗಿದಾಗ, ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಕಡಿದಾದ ಹಾದಿಯನ್ನೇರಿ ಶತ್ರುವಿನ ಫಿರಂಗಿಗಳ ಮೇಲೆರಗಿತು. ಅಕ್ಟೋಬರ್ 26ರಂದು ಅಲೆಪ್ಪೊ ಸಮೀಪದ ಹರಿತಾನ್‌ನಲ್ಲಿ ಮತ್ತೊಂದು ಕಾಳಗವಾಯಿತು; ಕದನವಿರಾಮಕ್ಕೆ ಆಗ ಐದು ದಿನಗಳಷ್ಟೇ ಉಳಿದಿದ್ದವು. ಇಂತಹ ರಣರಂಗಗಳಲ್ಲಿ ಅಳಿದವರ ಸ್ಮರಣೆಗಾಗಿ ಈ ಸ್ತಂಭ ನಿಂತಿದೆ.

ಮೇಲುನೋಟಕ್ಕೆ ಇವೆರಡೂ ಒಂದೇ ಪರಂಪರೆಯವು. ಆದರೆ ಒಂದು ಮುಖ್ಯ ಅಂತರವಿದೆ. ವೀರಗಲ್ಲು ಸಾಮಾನ್ಯವಾಗಿ ಸತ್ತವನ ಊರಿನಲ್ಲಿ, ಅವನನ್ನು ಬಲ್ಲವರ ಕಣ್ಣೆದುರು ನಿಲ್ಲುತ್ತಿತ್ತು. ತುರುಗೊಳ್, ಊರಳಿವು, ಪೆಣ್ಬುಯ್ಯಲ್ ಎಂದು ಸಾವಿನ ಸಂದರ್ಭವನ್ನೇ ಅದು ಹೆಸರಿಸುತ್ತಿತ್ತು. ಎಷ್ಟೋ ಕಡೆ ಮಡಿದವನ ಮನೆಯವರಿಗೆ ಕಲ್ನಾಡನ್ನೋ ನೆತ್ತರುಗೊಡಗೆಯನ್ನೋ ಬಿಟ್ಟುದನ್ನೂ ದಾಖಲಿಸುತ್ತಿತ್ತು. ಅಂದರೆ ಅದು ಸ್ತುತಿಯಷ್ಟೇ ಅಲ್ಲ, ಉಳಿದವರಿಗೆ ಸಲ್ಲಬೇಕಾದುದರ ಪತ್ರವೂ ಹೌದು. ಆಧುನಿಕ ಸ್ಮಾರಕವಾದರೋ ಪಡೆಯನ್ನು ಘಟಕವಾಗಿ ಗ್ರಹಿಸುತ್ತದೆ. ದೆಹಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ (1922) ಮೈಸೂರು ಒಂದು ಪ್ರತಿಮೆ. ಅದಕ್ಕೆ ಊರಿಲ್ಲ, ತಂದೆತಾಯಿಯರಿಲ್ಲ. ಮೊದಲ ಮಹಾಯುದ್ಧದ ನಂತರ ಭಾರತದ ಹಲವು ಗ್ರಾಮಗಳಲ್ಲಿ ಇಟ್ಟ ಫಲಕಗಳೂ ಇಷ್ಟು ಜನ ಹೋದರು, ಇಷ್ಟು ಜನ ಸತ್ತರು ಎಂಬ ಸಂಖ್ಯೆಗೇ ತೃಪ್ತವಾದವು. ಎಂಟನೆಯ ಶತಮಾನದ ಕಿತ್ತಯನ ನಾಡು ನಮಗೆ ಗೊತ್ತು. ನೂರು ವರ್ಷಗಳಾಚೆಯ ಸವಾರನ ಹಳ್ಳಿ ಗೊತ್ತಿಲ್ಲದೆ ಹೋಗಿರುವುದು ಸಂಶೋಧಕರಾದ ನಮಗೆ ಶೋಭಿಸುವ ಮಾತಲ್ಲ.

ದೂರದ ಸ್ಮಾರಕವನ್ನೇ ನೆಚ್ಚುವಂತಿಲ್ಲ. ಈಜಿಪ್ಟ್, ಪ್ಯಾಲೆಸ್ಟೈನ್‌ಗಳಲ್ಲಿ ಮಡಿದು ಸಮಾಧಿ ಕಾಣದ ಸುಮಾರು ನಾಲ್ಕು ಸಾವಿರ ಭಾರತೀಯ ಯೋಧರಿಗಾಗಿ 1926ರಲ್ಲಿ ಪೋರ್ಟ್ ತೌಫೀಕ್‌ನಲ್ಲಿ ಅನಾವರಣಗೊಂಡ ಸ್ಮಾರಕ, ಮುಂದಿನ ಇಸ್ರೇಲ್–ಈಜಿಪ್ಟ್ ಯುದ್ಧಗಳಲ್ಲಿ ಹಾಳಾಯಿತು. ಆ ಹೆಸರುಗಳಿಗೆ 1980ರಲ್ಲಿ ಕೈರೋದ ಹೆಲಿಯೊಪೊಲಿಸ್ ಸ್ಮಶಾನದಲ್ಲಿ ಹೊಸ ನೆಲೆ ದೊರೆಯಿತು. ಯುದ್ಧದ ನೆನಪಿನ ಕಲ್ಲನ್ನೂ ಯುದ್ಧವೇ ನುಂಗಿತು.

ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ದಾಖಲೆಗಳಲ್ಲಿ ಅನೇಕ ಭಾರತೀಯ ಯೋಧರ ತಂದೆಯ ಹೆಸರು, ಊರು, ಜಿಲ್ಲೆ ನಮೂದಾಗಿವೆ. ಆದರೆ ಇಂಗ್ಲಿಷ್ ಕಿವಿ ಹಿಡಿದಂತೆ ಬರೆದ ಆ ಊರುಗಳನ್ನು ಗುರುತಿಸಲು ಸ್ಥಳನಾಮ ಬಲ್ಲ ಕನ್ನಡ ವಿದ್ವಾಂಸರೇ ಬೇಕು. ಪಡೆಯಲ್ಲಿ ಮುಸ್ಲಿಮರೂ ಮರಾಠರೂ ಇದ್ದುದರಿಂದ ದಖ್ಖನಿ ಮತ್ತು ಮರಾಠಿಯ ಮನೆಮಾತಿನ ನೆನಪುಗಳನ್ನೂ ಕೇಳಬೇಕು. ಕನ್ನಡದಲ್ಲಿ ಮಾತ್ರ ವಿಚಾರಿಸಿ ಬಂದರೆ ಅರ್ಧ ಕೆಲಸವೂ ಆಗದು.

ಯಲಹಂಕ ಸಮೀಪದ ಸಿಂಗಾಪುರದಲ್ಲಿ ಕ್ಷೇತ್ರಕಾರ್ಯ ಮಾಡುವವರಿಗೆ ಒಂದು ವಿಶೇಷ ಎಚ್ಚರ ಅಗತ್ಯ. ಎರಡನೆಯ ಮಹಾಯುದ್ಧದಲ್ಲಿ ಮೈಸೂರು ಪದಾತಿದಳದ ಒಂದು ಪಡೆ ಕಡಲಾಚೆಯ ಸಿಂಗಪುರದಲ್ಲಿತ್ತು. 1942ರ ಫೆಬ್ರವರಿ 15ರಂದು ಆ ದ್ವೀಪ ಶರಣಾದಾಗ ಅದೂ ಜಪಾನೀಯರ ಕೈಗೆ ಸೆರೆಯಾಯಿತು. ಹೀಗಾಗಿ ‘ಸಿಂಗಾಪುರದವನು’ ಎಂಬ ನೆನಪು ಹುಟ್ಟಿದೂರನ್ನು ಹೇಳುತ್ತಿದೆಯೋ, ಸೆರೆಯಾದ ಅಥವಾ ಸತ್ತ ಸ್ಥಳವನ್ನೋ ಎಂಬುದನ್ನು ಪ್ರತಿ ಮನೆಯಲ್ಲಿಯೂ ಕೇಳಿಯೇ ತಿಳಿಯಬೇಕು.